ಲೈಮ್‌ಹೌಸಿನ ವಿನ್ನಿ: ಕೊಂಡ ಮನೆಯಲ್ಲಿ ನಾಯಿ ಸಾಕಲು ಯಾರ ಅಪ್ಪಣೆ?

ವಿನ್ನಿ ಒಂದು ಪುಟ್ಟ ನಾಯಿ. ಮಾಲ್ಟೀಸ್ ಮತ್ತು ಯಾರ್ಕ್‌ಷೈರ್ ಟೆರಿಯರ್ ಬೆರಕೆ. ಮಡಿಲಲ್ಲಿ ಮುದುರಿ ಮಲಗುವ ಜಾತಿ. ಬೀದಿಯಲ್ಲಿ ಎದುರಾದರೆ ನಮ್ಮೂರ ಕೋಳಿಯೂ ಹೆದರಲಿಕ್ಕಿಲ್ಲ. ಈ ನಾಯಿ ಲಂಡನ್ನಿನ ಒಂದು ಫ್ಲಾಟಿನಲ್ಲಿ ಇರಬಹುದೋ ಇಲ್ಲವೋ ಎಂಬ ಪ್ರಶ್ನೆ 2018ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನವರೆಗೆ ಹೋಯಿತು. ವಿಚಾರಣೆ ನಡೆಸಿದವರು ಆಸ್ತಿ ವ್ಯಾಜ್ಯಗಳನ್ನು ನೋಡುವ ಛಾನ್ಸರಿ ವಿಭಾಗದ ಮುಖ್ಯಸ್ಥರಾಗಿದ್ದ ಸರ್ ಜೆಫ್ರಿ ವೋಸ್. ಇರಕೂಡದು ಎಂದು ತೀರ್ಪಾಯಿತು.

ಫ್ಲಾಟ್ ಬಾಡಿಗೆಯದಲ್ಲ. ವಿನ್ನಿಯನ್ನು ಸಾಕಿದ ದಂಪತಿ ಅದನ್ನು ಸುಮಾರು 10 ಲಕ್ಷ ಪೌಂಡ್ ಕೊಟ್ಟು ಕೊಂಡಿದ್ದರು. ಅಷ್ಟು ಹಣ ಸುರಿದ ಮೇಲೂ ಒಳಗೆ ಯಾರಿರಬೇಕು ಎಂದು ಇನ್ನೊಬ್ಬರು ಹೇಳುವುದೇ ಎಂದು ನಮ್ಮವರಿಗೆ ಅನ್ನಿಸುವುದು ಸಹಜ. ಇಂಗ್ಲೆಂಡಿನಲ್ಲಿ ಮನೆ ಕೊಳ್ಳಲು ಹೊರಟ ಕನ್ನಡಿಗರು ಈ ಪ್ರಕರಣವನ್ನು ಒಮ್ಮೆ ಕೂತು ಓದಬೇಕು ಎಂದು ನಾನು ಹೇಳುವುದು ಅದಕ್ಕೇ. ದಂಪತಿ ಖಾಸಗಿ ಜನ, ಅವರ ಹೆಸರು ಇಲ್ಲಿ ಬೇಡ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ಬೆಂಗಳೂರಿನಲ್ಲಿ ‘ಮನೆ ಲೀಸಿಗೆ ಹಾಕಿಕೊಂಡಿದ್ದೇವೆ’ ಅಂದರೆ ಭೋಗ್ಯ: ಒಂದಿಷ್ಟು ಲಕ್ಷ ಒಟ್ಟಿಗೆ ಕೊಟ್ಟು, ಎರಡು-ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುವುದು. ಇಂಗ್ಲೆಂಡಿನ ಲೀಸ್‌ಹೋಲ್ಡ್ ಬೇರೆಯೇ. ಪೂರ್ತಿ ಬೆಲೆ ಕೊಡುತ್ತೀರಿ, ಬ್ಯಾಂಕ್ ಸಾಲ ತೆಗೆಯುತ್ತೀರಿ, ಬೇಕಾದಾಗ ಮಾರುತ್ತೀರಿ, ಮಕ್ಕಳಿಗೆ ಬಿಟ್ಟುಹೋಗುತ್ತೀರಿ. ಆದರೆ ಕಾಗದದ ಪ್ರಕಾರ ನೀವು ಕೊಂಡದ್ದು 99 ವರ್ಷವೋ 125 ವರ್ಷವೋ 999 ವರ್ಷವೋ ಆ ಗೋಡೆಗಳ ನಡುವೆ ಇರುವ ಹಕ್ಕು. ನೆಲ ಮತ್ತು ಕಟ್ಟಡ ಫ್ರೀಹೋಲ್ಡರ್ ಎಂಬ ಇನ್ನೊಬ್ಬರದು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಫ್ಲಾಟ್ ಎಂದರೆ ಬಹುಪಾಲು ಇದೇ. ಸ್ಕಾಟ್ಲೆಂಡಿನ ಕಾನೂನು ಬೇರೆ, ಅಲ್ಲಿ ಫ್ಲಾಟ್ ಕೊಂಡವರು ನೇರ ಮಾಲೀಕರು.

ಈ ವಿಚಿತ್ರ ವ್ಯವಸ್ಥೆ ಉಳಿದುಕೊಂಡಿರುವುದಕ್ಕೆ ಕೆಲಸದ ಕಾರಣವೂ ಒಂದಿದೆ. ಇಂಗ್ಲಿಷ್ ಕಾನೂನಿನಲ್ಲಿ ಫ್ರೀಹೋಲ್ಡ್ ಆಸ್ತಿ ಕೈಬದಲಾದಾಗ ‘ಇದನ್ನು ಮಾಡತಕ್ಕದ್ದು’ ಎಂಬ ಬಗೆಯ ಕರಾರು ಹೊಸ ಮಾಲೀಕನನ್ನು ತಾನಾಗಿ ಕಟ್ಟಿಹಾಕುವುದಿಲ್ಲ. ನಾಲ್ಕನೇ ಮಹಡಿಯವರು ಫ್ಲಾಟ್ ಮಾರಿದರೆ, ಕೊಂಡವರು ಚಾವಣಿ ರಿಪೇರಿಗೆ ಪಾಲು ಕೊಡುವುದಿಲ್ಲ ಎಂದು ಕೈಯೆತ್ತಬಹುದಿತ್ತು. ಲೀಸ್ ಇದ್ದರೆ ಆ ಹೊಣೆ ಮನೆಯ ಜೊತೆಗೇ ಸಾಗುತ್ತದೆ. ಚಾವಣಿಯ ಖರ್ಚಿಗೆ ನೆರೆಯವರನ್ನು ಕಟ್ಟಿದ ಅದೇ ಹಗ್ಗದಲ್ಲಿ ನಾಯಿ, ಬಟ್ಟೆ ಒಣಗಿಸುವ ತಂತಿ, ರಾತ್ರಿ ಪಿಯಾನೋ, ಮರದ ನೆಲಹಾಸು, ಎಲ್ಲವನ್ನೂ ಕಟ್ಟಿಬಿಡುವುದು ವಕೀಲರಿಗೆ ರೂಢಿಯಾಯಿತು.

ವಿಕ್ಟರಿ ಪ್ಲೇಸ್ ಎಂಬ ಆ ವಸತಿ ಸಮುಚ್ಚಯ ಪೂರ್ವ ಲಂಡನ್ನಿನ ಲೈಮ್‌ಹೌಸಿನಲ್ಲಿದೆ. ಹಿಂದೆ ಸುಣ್ಣದ ಗೂಡುಗಳಿದ್ದ ಜಾಗ, ಊರಿನ ಹೆಸರು ಬಂದದ್ದೇ ಅವುಗಳಿಂದ. ಆಮೇಲೆ ಹಡಗು, ನಾವಿಕರು, ಸರಕಿನ ಧಕ್ಕೆ. ಈಗ ಕೂಗಳತೆಯಲ್ಲಿ ಕ್ಯಾನರಿ ವಾರ್ಫಿನ ಬ್ಯಾಂಕುಗಳಿದ್ದು, ಥೇಮ್ಸ್ ದಂಡೆಯುದ್ದಕ್ಕೂ ದುಬಾರಿ ಫ್ಲಾಟುಗಳು. ಅಲ್ಲಿನ ಲೀಸಿನಲ್ಲಿದ್ದ ಷರತ್ತಿನ ತಾತ್ಪರ್ಯ ಇಷ್ಟು: ಲಿಖಿತ ಒಪ್ಪಿಗೆ ಇಲ್ಲದೆ ನಾಯಿ, ಹಕ್ಕಿ, ಬೆಕ್ಕು, ಬೇರಾವ ಪ್ರಾಣಿ ಅಥವಾ ಸರೀಸೃಪವನ್ನು ಸಾಕುವಂತಿಲ್ಲ. ಹಲ್ಲಿಗೂ ಅರ್ಜಿ ಬೇಕಾದೀತು ಎಂದು ನಕ್ಕು ಮುಂದಿನ ಪುಟಕ್ಕೆ ಹೋಗುವಂಥ ಸಾಲು. ಇಂಗ್ಲೆಂಡಿನ ಸಾವಿರಾರು ಲೀಸುಗಳಲ್ಲಿ ಇದೇ ಸಾಲು ಸ್ವಲ್ಪ ಹಿಂದೆಮುಂದಾಗಿ ಕೂತಿದೆ.

ಒಪ್ಪಿಗೆ ಕೊಡಬೇಕಾದದ್ದು ಆ ಸಮುಚ್ಚಯದ ಮ್ಯಾನೇಜ್‌ಮೆಂಟ್ ಕಂಪನಿ. ಹೆಸರು ಕೇಳಿದರೆ ದೂರದ ಯಾವುದೋ ಹೂಡಿಕೆದಾರರ ಸಂಸ್ಥೆ ಅನ್ನಿಸುತ್ತದೆ, ಆದರೆ ಇಂಥ ಎಷ್ಟೋ ಕಂಪನಿಗಳ ಹಿಂದೆ ಇರುವವರು ಅಲ್ಲಿನ ನಿವಾಸಿಗಳೇ. ವಿಕ್ಟರಿ ಪ್ಲೇಸಿನ ಬಹುಪಾಲು ಲೀಸುದಾರರಿಗೆ ಸಾಕುಪ್ರಾಣಿ ಬೇಡವಾಗಿತ್ತು. ಅದರಂತೆ ಕಂಪನಿಯ ಆಡಳಿತ ಮಂಡಳಿ ಒಂದು ನೀತಿ ಪಾಲಿಸುತ್ತಿತ್ತು: ವಿಶೇಷ ಸನ್ನಿವೇಶ ಇಲ್ಲದೆ ಯಾರಿಗೂ ಒಪ್ಪಿಗೆ ಇಲ್ಲ. ಕುರುಡರಿಗೆ ದಾರಿ ತೋರುವ ನಾಯಿ ಅಂಥ ವಿಶೇಷಕ್ಕೆ ಉದಾಹರಣೆ.

ದಂಪತಿಗೆ ಒಪ್ಪಿಗೆ ಸಿಗಲಿಲ್ಲ. ಆದರೂ ವಿನ್ನಿ ಮನೆಯಲ್ಲೇ ಇತ್ತು. ನಾಯಿಯಿಂದ ತಮಗೆ ಆರೋಗ್ಯದ ದೃಷ್ಟಿಯಿಂದ ಉಪಯೋಗವಿದೆ ಎಂದು ಅವರು ಹೇಳಿದರು. ಹಾಗಾದರೆ ವೈದ್ಯರ ಪತ್ರ ಕೊಡಿ ಎಂದು ಕಂಪನಿ ಕೇಳಿತು. ಆ ಪತ್ರ ಬರಲಿಲ್ಲ. ಕಂಪನಿ ಕೌಂಟಿ ಕೋರ್ಟಿಗೆ ಹೋಗಿ, ನಾಯಿಯನ್ನು ಫ್ಲಾಟಿನಿಂದ ಹೊರಗೆ ಕಳಿಸುವಂತೆ ಆಜ್ಞೆ ಪಡೆಯಿತು. ದಂಪತಿ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದರು.

ಇಲ್ಲಿಂದ ಮುಂದೆ ವಿಷಯ ನಾಯಿಯನ್ನು ಬಿಟ್ಟು ಇನ್ನೆಲ್ಲಿಗೋ ಹೋಗುತ್ತದೆ. ಪ್ರಕರಣದ ಸ್ವಾರಸ್ಯ ಇರುವುದೂ ಅಲ್ಲಿಯೇ.

‘ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ’ ಎಂಬ ಷರತ್ತು ಇದ್ದಾಗ ಒಪ್ಪಿಗೆಯನ್ನು ಸಕಾರಣವಿಲ್ಲದೆ ನಿರಾಕರಿಸಬಹುದೇ? ಕೆಲವು ವಿಷಯಗಳಲ್ಲಿ ನಿರಾಕರಿಸುವಂತಿಲ್ಲ. 1927ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 19ನೇ ಕಲಂ ಪ್ರಕಾರ, ಲೀಸನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಅಥವಾ ಮನೆಯಲ್ಲಿ ಸುಧಾರಣೆ ಮಾಡಲು ಒಪ್ಪಿಗೆ ಬೇಕೆಂದಿದ್ದರೆ, ಅದನ್ನು ಅಕಾರಣವಾಗಿ ತಡೆಹಿಡಿಯಬಾರದು ಎಂಬ ಮಾತು ಲೀಸಿನಲ್ಲಿ ಬರೆಯದಿದ್ದರೂ ಇದ್ದಂತೆಯೇ ಲೆಕ್ಕ. ಸಾಕುಪ್ರಾಣಿಗೆ ಆ ಭಾಗ್ಯವಿಲ್ಲ. ಲೀಸಿನಲ್ಲೇ ‘ಒಪ್ಪಿಗೆಯನ್ನು ಅಕಾರಣವಾಗಿ ನಿರಾಕರಿಸತಕ್ಕದ್ದಲ್ಲ’ ಎಂದು ನಾಲ್ಕು ಪದ ಹೆಚ್ಚಿಗೆ ಬರೆದಿದ್ದರೆ ಸರಿ. ವಿಕ್ಟರಿ ಪ್ಲೇಸಿನ ಷರತ್ತಿನಲ್ಲಿ ಆ ಪದಗಳಿರಲಿಲ್ಲ.

ಹಾಗಾದರೆ ಕಂಪನಿ ಮನಸ್ಸಿಗೆ ಬಂದಂತೆ ಮಾಡಬಹುದೇ? ಅದೂ ಇಲ್ಲ. ದಂಪತಿಯ ನೆರವಿಗೆ ಬರಬಹುದಾಗಿದ್ದದ್ದು ಬ್ರಿಟನ್ನಿನ ಸುಪ್ರೀಂ ಕೋರ್ಟಿನ 2015ರ ಬ್ರಗಾಂಜಾ ಎಂಬ ತೀರ್ಪು. ಅದರ ಕಥೆಗೂ ಫ್ಲಾಟಿಗೂ ಸಂಬಂಧವೇ ಇಲ್ಲ. 2009ರಲ್ಲಿ ಅಟ್ಲಾಂಟಿಕ್ ಸಾಗರದ ನಡುವೆ ಬಿಪಿ ಕಂಪನಿಯ ತೈಲ ಹಡಗಿನಿಂದ ಮುಖ್ಯ ಎಂಜಿನಿಯರ್ ಒಬ್ಬರು ಕಾಣೆಯಾದರು. ಅದು ಆತ್ಮಹತ್ಯೆ ಎಂದು ಕಂಪನಿ ತೀರ್ಮಾನಿಸಿತು. ಕರಾರಿನ ಪ್ರಕಾರ ಹಾಗಾದರೆ ಹೆಂಡತಿಗೆ ಮರಣ ಪರಿಹಾರ ಇಲ್ಲ. ಸುಪ್ರೀಂ ಕೋರ್ಟ್ ಆ ತೀರ್ಮಾನವನ್ನು ಒಪ್ಪಲಿಲ್ಲ. ಕರಾರಿನಲ್ಲಿ ಒಂದು ಕಡೆಯವರ ಕೈಯಲ್ಲೇ ತೀರ್ಮಾನ ಬಿಟ್ಟಿದ್ದರೆ ಅವರು ಅದನ್ನು ವಿವೇಚನೆಯಿಂದ ಮಾಡಬೇಕು, ಲೆಕ್ಕಕ್ಕೆ ಬರುವ ಸಂಗತಿಗಳನ್ನು ಪರಿಗಣಿಸಬೇಕು, ಬಾರದವನ್ನು ಬಿಡಬೇಕು, ತಲೆ ಸರಿಯಿದ್ದ ಯಾರೂ ತಲುಪಲಾರದ ನಿರ್ಣಯಕ್ಕೆ ಬರಬಾರದು ಎಂಬುದು ಅದರ ಸಾರ. ಕಡಲಲ್ಲಿ ಕಳೆದುಹೋದ ಎಂಜಿನಿಯರರ ಮಡದಿಗೆ ನ್ಯಾಯ ಕೊಡಿಸಿದ ಅಳತೆಗೋಲು ಮೂರು ವರ್ಷದಲ್ಲಿ ಲೈಮ್‌ಹೌಸಿನ ನಾಯಿಮರಿಯ ಮುಂದೆ ಬಂದು ನಿಂತಿತು. ಇಂಗ್ಲಿಷ್ ಕಾನೂನು ಬೆಳೆಯುವುದೇ ಹೀಗೆ, ಒಂದು ಮನೆಯ ಬೀಜ ಇನ್ನೊಂದು ಮನೆಯ ಹಿತ್ತಲಲ್ಲಿ.

ದಂಪತಿಗೆ ಆ ಅಳತೆಗೋಲಿನಿಂದ ಗೆಲುವು ಸಿಗಲಿಲ್ಲ. ಅದು ಅಳೆಯುವುದು ತೀರ್ಮಾನ ಮಾಡಿದ ರೀತಿಯನ್ನು. ನ್ಯಾಯಾಧೀಶರು ತಾವೇ ಮಂಡಳಿಯ ಕುರ್ಚಿಯಲ್ಲಿ ಕೂತು ಈ ನಾಯಿ ಒಳ್ಳೆಯದು, ಇರಲಿ ಬಿಡಿ ಎನ್ನಲು ಅದರಲ್ಲಿ ಎಡೆಯಿಲ್ಲ. ನೀತಿ ಇಟ್ಟುಕೊಳ್ಳುವುದು ತಪ್ಪಲ್ಲ, ಆ ನೀತಿಯಲ್ಲಿ ವಿಶೇಷ ಸನ್ನಿವೇಶಕ್ಕೆ ಬಾಗಿಲು ತೆರೆದಿತ್ತು, ಬಹುಪಾಲು ಲೀಸುದಾರರ ಇಚ್ಛೆಯನ್ನು ಗಮನಿಸುವುದು ಸಹಜ, ವೈದ್ಯರ ಪುರಾವೆ ಕೇಳಿದರೂ ಬರಲಿಲ್ಲ. ಹೀಗಿರುವಾಗ ನಿರಾಕರಣೆ ವಿವೇಚನೆ ಮೀರಿದ್ದು ಎನ್ನುವಂತಿಲ್ಲ ಎಂದಾಯಿತು. ವಿನ್ನಿ ಬೊಗಳುತ್ತಿತ್ತೋ, ಲಿಫ್ಟಿನಲ್ಲಿ ತೊಂದರೆ ಕೊಟ್ಟಿತ್ತೋ ಎಂಬುದರ ಮೇಲೆ ತೀರ್ಪು ನಿಂತಿರಲೇ ಇಲ್ಲ. ‘ನಮ್ಮದು ಬಹಳ ಸಾಧು’ ಎಂದು ನಾಯಿ ಸಾಕಿದವರು ಎಲ್ಲ ಕಡೆ ಮೊದಲು ಹೇಳುವ ಮಾತು ಇಲ್ಲಿ ತಕ್ಕಡಿಗೇ ಏರಲಿಲ್ಲ.

ಕಾನೂನಿನ ಮಟ್ಟಿಗೆ ತೀರ್ಪು ಸರಿಯೆಂದೇ ನನಗೆ ಕಾಣುತ್ತದೆ. ಮನಸ್ಸು ಒಪ್ಪುವುದಿಲ್ಲ, ಅದು ಬೇರೆ. ಆದರೆ ಅದೇ ಷರತ್ತನ್ನು ಓದಿ, ನಾಯಿ ಇರದ ಜಾಗ ಎಂಬ ಕಾರಣಕ್ಕೇ, ಅಲರ್ಜಿಯೋ ಭಯವೋ ಇದ್ದು, ದುಡ್ಡು ಸುರಿದು ಅಲ್ಲಿ ಮನೆ ಕೊಂಡವರೂ ಇರಬಹುದಲ್ಲ. ಫ್ರೀಹೋಲ್ಡರ್ ಎಂಬ ಜಮೀನ್ದಾರನನ್ನು ಬೈಯುವುದು ಇಂಗ್ಲೆಂಡಿನಲ್ಲಿ ಈಗ ಎಲ್ಲರಿಗೂ ಸುಲಭ, ಬೈಯಲು ಕಾರಣಗಳೂ ಬೇಕಾದಷ್ಟಿವೆ. ಈ ಪ್ರಕರಣದಲ್ಲಿ ಎದುರು ನಿಂತದ್ದು ಮೆಟ್ಟಿಲ ಮೇಲೆ ದಿನಾ ‘ಗುಡ್ ಮಾರ್ನಿಂಗ್’ ಹೇಳುವ ನೆರೆಯವರು.

ಬೆಂಗಳೂರಿನಿಂದ ಹೋದವರು ಎಡವುವುದು ಇಲ್ಲೇ. ನಮ್ಮಲ್ಲಿ ಅಪಾರ್ಟ್‌ಮೆಂಟ್ ಸಂಘ ನಾಯಿ ಬೇಡ ಎಂದು ಸಭೆಯಲ್ಲಿ ಕೈಯೆತ್ತಿ ನಿರ್ಣಯ ಮಾಡಿದರೆ, ಸಾಕಿದವರು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಸುತ್ತೋಲೆಯ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತಾರೆ. ಬಹುಮತವಿದ್ದರೂ ಸಾಕುನಾಯಿಗೆ ನಿಷೇಧ ಹೇರುವಂತಿಲ್ಲ ಎನ್ನುತ್ತದೆ ಅದು. ಜೀವಿಗಳ ಮೇಲೆ ದಯೆ ಮೂಲಭೂತ ಕರ್ತವ್ಯ ಎನ್ನುವ ಸಂವಿಧಾನದ 51ಎ(ಜಿ) ವಿಧಿಯೂ ಮಾತಿಗೆ ಬರುತ್ತದೆ. 2021ರಲ್ಲಿ ಕೇರಳ ಹೈಕೋರ್ಟ್ ಇಂಥ ನಿಷೇಧದ ಬೈಲಾಗಳು ಕಾನೂನುಬಾಹಿರ ಎಂದೇ ಹೇಳಿತು. ಜಗಳ ನಿಲ್ಲುವುದಿಲ್ಲ ನಿಜ, ಲಿಫ್ಟ್ ವಿಚಾರಕ್ಕೆ ಮುನಿಸು ಇದ್ದದ್ದೇ. ಆದರೂ ವಾದದ ನೆಲೆ ಸಾಕಿದವರ ಕಡೆಗಿದೆ. ಇಲ್ಲಿ ನಿಷೇಧಕ್ಕೆ ಆಧಾರವಾಗದ ಬಹುಮತವೇ ಲೈಮ್‌ಹೌಸಿನಲ್ಲಿ ಕಂಪನಿಗೆ ಊರುಗೋಲಾಯಿತು.

ಹಾಗಾದರೆ ವಿನ್ನಿಯ ಮನೆಯವರು ಬೇರೆ ದಾರಿ ಹಿಡಿಯಬಹುದಾಗಿದ್ದ ತಿರುವು ಯಾವುದು? ಕೋರ್ಟಿನಲ್ಲಿ ಯಾವ ವಾದ ಹೂಡಬೇಕಿತ್ತು ಎಂಬುದಕ್ಕಿಂತ ಬಹಳ ಹಿಂದಕ್ಕೆ, ಮನೆ ಕೊಳ್ಳುವ ಘಟ್ಟಕ್ಕೆ ಹೋಗಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ ಮನೆ ನೋಡಿ, ಬೆಲೆ ಹೇಳಿ, ಮಾರುವವರು ಹೂಂ ಎಂದರೂ ಏನೂ ಗಟ್ಟಿಯಾಗಿರುವುದಿಲ್ಲ. ಎರಡೂ ಕಡೆಯ ಸಾಲಿಸಿಟರುಗಳು, ಅಂದರೆ ಮನೆ ಕಾಗದ ನೋಡುವ ವಕೀಲರು, ಕಾಗದ ಬದಲಾಯಿಸಿಕೊಳ್ಳುವ ‘ಎಕ್ಸ್‌ಚೇಂಜ್’ ದಿನದವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಆ ದಿನ ಸಾಮಾನ್ಯವಾಗಿ ಬೆಲೆಯ 10 ಪ್ರತಿಶತ ಮುಂಗಡ ಕಟ್ಟುತ್ತೀರಿ; ಅಲ್ಲಿಂದ ಮುಂದೆ ಹಿಂದೆ ಸರಿದರೆ ಆ ಹಣಕ್ಕೆ ಎಳ್ಳುನೀರು. ನಾಯಿಯ ಪ್ರಶ್ನೆ ಇತ್ಯರ್ಥವಾಗಬೇಕಾದದ್ದು ಈ ಎಕ್ಸ್‌ಚೇಂಜಿಗೆ ಮುಂಚೆ. ಆಗ ನಿಮ್ಮ ಕೈಯಲ್ಲಿ ಒಂದು ಅಸ್ತ್ರ ಇರುತ್ತದೆ: ಒಪ್ಪಿಗೆ ಪತ್ರ ಬಾರದಿದ್ದರೆ ಕೊಳ್ಳುವುದಿಲ್ಲ. ಹಾಗೆಂದಾಗ ಮಾರುವವರೇ ಓಡಾಡಿ ಕಂಪನಿಯಿಂದ ಪತ್ರ ತರಿಸಲು ನೋಡುತ್ತಾರೆ, ಏಕೆಂದರೆ ಗಿರಾಕಿ ತಪ್ಪುವುದು ಅವರಿಗೆ. ಬೀಗದ ಕೈ ಪಡೆದ ಮೇಲೆ ಅದೇ ಪ್ರಶ್ನೆ ಕೇಳಿದರೆ ಕಂಪನಿಗೆ ಆತುರವಿಲ್ಲ, ಮಾರಿದವರು ಊರುಬಿಟ್ಟಾಗಿದೆ.

ಎಸ್ಟೇಟ್ ಏಜೆಂಟ್ ಮನೆ ತೋರಿಸುವಾಗ ‘ಅಯ್ಯೋ, ಇಲ್ಲಿ ಎಷ್ಟೋ ಮನೆಯಲ್ಲಿ ನಾಯಿ ಇವೆ, ಯಾರೂ ಏನೂ ಅನ್ನಲ್ಲ’ ಎಂದರೆ ಅದಕ್ಕೆ ಬೆಲೆ ಕೊಡಬೇಡಿ. ಏಜೆಂಟ್ ಕೆಲಸ ಮಾಡುವುದು ಮಾರುವವರ ಪರವಾಗಿ, ಒಪ್ಪಿಗೆ ಕೊಡುವ ಅಧಿಕಾರ ಅವನಿಗಿಲ್ಲ. ಕಟ್ಟಡ ನೋಡಿಕೊಳ್ಳುವ ಪೋರ್ಟರ್ ನಾಯಿಯ ತಲೆ ಸವರಿ ‘ಚೆಂದದ ನಾಯಿ’ ಎಂದದ್ದೂ ಅಷ್ಟೇ. ಷರತ್ತು ಲಿಖಿತ ಒಪ್ಪಿಗೆ ಕೇಳುವಾಗ ಬಾಯಿಮಾತು ನೀರ ಮೇಲಿನ ಬರಹ. ಇನ್ನೊಂದು ಮಾತು: ನಿಮಗೆ ನಾಯಿ ಇದೆ ಎಂದು ನಿಮ್ಮ ಸಾಲಿಸಿಟರಿಗೆ ಮೊದಲ ದಿನವೇ ಹೇಳಿ. ನೂರು ಪುಟದ ಲೀಸಿನಲ್ಲಿ ಅವರು ಹುಡುಕುವುದು ಗ್ರೌಂಡ್ ರೆಂಟ್ ಎಂಬ ನೆಲಬಾಡಿಗೆ, ಕಟ್ಟಡದ ನಿರ್ವಹಣೆಗೆ ಕೊಡುವ ಸರ್ವಿಸ್ ಚಾರ್ಜ್, ಲೀಸಿನಲ್ಲಿ ಉಳಿದ ವರ್ಷ. ನಾಯಿಯ ಸುದ್ದಿ ಗೊತ್ತಿಲ್ಲದಿದ್ದರೆ ಆ ಷರತ್ತನ್ನು ವರದಿಯ ಹದಿನೇಳನೇ ಪುಟದಲ್ಲಿ ಒಂದು ಸಾಲಾಗಿ ಬರೆದು ಮುಗಿಸುತ್ತಾರೆ. ಅದು ಅವರ ತಪ್ಪಲ್ಲ.

ಷರತ್ತಿನ ವ್ಯಾಕರಣವನ್ನೂ ನೋಡಬೇಕು. ‘ಒಪ್ಪಿಗೆ ಇಲ್ಲದೆ ಸಾಕುವಂತಿಲ್ಲ’ ಎಂದಿದ್ದರೆ ಕೇಳಲು ಬಾಗಿಲಿದೆ. ‘ಯಾವ ಪ್ರಾಣಿಯನ್ನೂ ಸಾಕುವಂತಿಲ್ಲ’ ಎಂದು ಅಲ್ಲಿಗೇ ಪೂರ್ಣವಿರಾಮ ಬಿದ್ದಿದ್ದರೆ ಬಾಗಿಲೇ ಇಲ್ಲದ ಗೋಡೆ. ಫ್ರೀಹೋಲ್ಡರ್ ಒಳ್ಳೆಯವನಾಗಿ ‘ಇರಲಿ, ಸಾಕಿಕೊಳ್ಳಿ’ ಎಂದರೂ ಅಪಾಯ ತಪ್ಪಿದ್ದಲ್ಲ. 2020ರಲ್ಲಿ ಲಂಡನ್ನಿನ ರ‍್ಯಾಂಡಾಲ್ಫ್ ಕ್ರೆಸೆಂಟಿನ ಕಟ್ಟಡವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದಕ್ಕೆ ತಾಗುತ್ತದೆ. ಅಲ್ಲಿ ವಿಷಯ ಗೋಡೆ ಒಡೆಯುವುದು. ಎಲ್ಲ ಲೀಸಿನಲ್ಲೂ ಒಂದೇ ಷರತ್ತು ಇದ್ದು, ಒಬ್ಬ ಲೀಸುದಾರ ಕೇಳಿದರೆ ಇನ್ನೊಬ್ಬನ ಮೇಲೆ ಷರತ್ತು ಜಾರಿ ಮಾಡುತ್ತೇನೆಂದು ಭೂಮಾಲೀಕ ಮಾತು ಕೊಟ್ಟಿದ್ದರೆ, ಸಂಪೂರ್ಣ ನಿಷೇಧವಿರುವ ಕೆಲಸಕ್ಕೆ ಒಬ್ಬರಿಗೆ ಮಾತ್ರ ಅನುಮತಿ ಕೊಡುವುದು ಉಳಿದವರಿಗೆ ಕೊಟ್ಟ ಮಾತು ಮುರಿದಂತೆ ಎಂದಿತು ಕೋರ್ಟ್. ಗೋಡೆಯ ಜಾಗದಲ್ಲಿ ಬೆಕ್ಕನ್ನಿಟ್ಟು ಓದಿದರೂ ತರ್ಕ ಕೆಡುವುದಿಲ್ಲ. ಇಂಥ ಲೀಸ್ ಕಂಡರೆ, ಮನೆಯಲ್ಲಿ ಪ್ರಾಣಿ ಇದ್ದವರು ಬೇರೆ ಫ್ಲಾಟ್ ನೋಡುವುದೇ ಜಾಣತನ.

ವೈದ್ಯರ ಪತ್ರದ ವಿಚಾರಕ್ಕೆ ಮರಳಿದರೆ, ಲೈಮ್‌ಹೌಸಿನ ನೀತಿಯಲ್ಲಿ ತೆರೆದಿದ್ದ ಒಂದೇ ಬಾಗಿಲು ಅದು. ಅಂಗವಿಕಲರ ನೆರವಿನ ನಾಯಿಗೆ 2010ರ ಈಕ್ವಾಲಿಟಿ ಕಾಯ್ದೆಯ ಬೆಂಬಲವಿದೆ, ಅಂಥ ನಾಯಿಗೆ ಬೇಡ ಎನ್ನುವ ಮುನ್ನ ಯಾವ ಕಂಪನಿಯೂ ಎರಡು ಸಲ ಯೋಚಿಸುತ್ತದೆ. ಆದರೆ ‘ನಾಯಿ ಇದ್ದರೆ ಮನಸ್ಸಿಗೆ ನೆಮ್ಮದಿ’ ಎಂಬ ಮಾತು ಎಷ್ಟೇ ನಿಜವಾದರೂ, ಹಾಳೆಯ ಮೇಲೆ ಡಾಕ್ಟರ ಸಹಿಯೊಂದಿಗೆ ಬಾರದಿದ್ದರೆ ಅದು ಎಲ್ಲ ನಾಯಿ ಪ್ರಿಯರೂ ಹೇಳುವ ಮಾತೇ ಆಗುತ್ತದೆ. ಬಲವಾದ ಕಾರಣ ಇದ್ದವರು ಅದನ್ನು ಕೊನೆಯ ಬಾಣವಾಗಿ ಉಳಿಸಿಕೊಳ್ಳದೆ ಮೊದಲ ಅರ್ಜಿಗೇ ಲಗತ್ತಿಸಬೇಕು.

ಷರತ್ತು ಮುರಿದರೆ ಮನೆಯೇ ಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಲೀಸ್ ರದ್ದು ಮಾಡಿ ಫ್ಲಾಟ್ ವಾಪಸ್ ಪಡೆಯುವ ‘ಫೋರ್‌ಫೀಚರ್’ ಎಂಬ ಭೀಕರ ಅಸ್ತ್ರ ಇಂಗ್ಲಿಷ್ ಕಾನೂನಿನಲ್ಲಿ ಇನ್ನೂ ಇದೆ. ಆದರೆ 2002ರ ಲೀಸ್‌ಹೋಲ್ಡ್ ಸುಧಾರಣಾ ಕಾಯ್ದೆಯ ನಂತರ, ಲೀಸುದಾರ ತಪ್ಪೊಪ್ಪಿಕೊಳ್ಳಬೇಕು, ಇಲ್ಲವೇ ಷರತ್ತು ಮುರಿದದ್ದು ಹೌದೆಂದು ಟ್ರಿಬ್ಯೂನಲ್ ಅಥವಾ ಕೋರ್ಟು ಮೊದಲು ತೀರ್ಮಾನಿಸಬೇಕು. ಅಲ್ಲಿಯವರೆಗೆ ನೋಟಿಸ್ ಕೂಡ ಕೊಡುವಂತಿಲ್ಲ. ಲೈಮ್‌ಹೌಸಿನ ಕಂಪನಿ ಕೇಳಿದ್ದು ನಾಯಿ ಹೊರಗೆ ಹೋಗಲಿ ಎಂದಷ್ಟೇ. ವ್ಯವಹಾರದಲ್ಲಿ ಹೆಚ್ಚು ಹೆದರಬೇಕಾದದ್ದು ವಕೀಲರ ಖರ್ಚಿಗೆ. ಅಲ್ಲಿ ಸೋತವರು ಗೆದ್ದವರ ಖರ್ಚನ್ನೂ ತುಂಬಿಕೊಡಬೇಕಾಗುವುದು ಸಾಮಾನ್ಯ ನಿಯಮ, ಎರಡು ಹಂತದ ಕೋರ್ಟು ಏರಿದರೆ ಎರಡು ಸಲದ ಲೆಕ್ಕ.

ಈ ನಡುವೆ ಒಂದು ತಮಾಷೆ ಆಗಿದೆ. 2025ರ ರೆಂಟರ್ಸ್ ರೈಟ್ಸ್ ಕಾಯ್ದೆ ಇಂಗ್ಲೆಂಡಿನ ಬಾಡಿಗೆದಾರರಿಗೆ ಸಾಕುಪ್ರಾಣಿ ಕೇಳುವ ಹಕ್ಕು ಕೊಟ್ಟಿತು. ಬಾಡಿಗೆಯ ಹೊಸ ನಿಯಮಗಳು ಜಾರಿಗೆ ಬರುವ ದಿನ 2026ರ ಮೇ 1. ಬಾಡಿಗೆದಾರ ಬರೆದು ಕೇಳಿದರೆ ಮನೆಯೊಡೆಯ ಸಾಮಾನ್ಯವಾಗಿ 28 ದಿನದಲ್ಲಿ ಉತ್ತರಿಸಬೇಕು, ಸಕಾರಣವಿಲ್ಲದೆ ಬೇಡ ಎನ್ನುವಂತಿಲ್ಲ. ತಿಂಗಳ ಬಾಡಿಗೆ ಕೊಡುವವನಿಗೆ ಇರುವ ಈ ಹಕ್ಕು 10 ಲಕ್ಷ ಪೌಂಡ್ ಕೊಟ್ಟು ಲೀಸ್ ಕೊಂಡವನಿಗೆ ಇಲ್ಲ! ಅದೂ ಪೂರ್ತಿ ಹಾಗಲ್ಲ. ಬಾಡಿಗೆಗೆ ಕೊಟ್ಟ ಫ್ಲಾಟೇ ಲೀಸ್‌ಹೋಲ್ಡ್ ಆಗಿದ್ದು, ಮನೆಯೊಡೆಯನ ಕೈಯಲ್ಲಿರುವ ಆ ಲೀಸು ಪ್ರಾಣಿ ಬೇಡ ಎನ್ನುತ್ತಿದ್ದರೆ, ಆ ಕಾರಣಕ್ಕೆ ಬಾಡಿಗೆದಾರನಿಗೂ ಇಲ್ಲ ಎನ್ನಬಹುದು. ಸುತ್ತಿ ಬಳಸಿ ಮತ್ತೆ ಅದೇ ಹಳೆಯ ಷರತ್ತಿನ ಸಾಲಿಗೇ ಬಂದು ನಿಲ್ಲುತ್ತೇವೆ.

ಒಪ್ಪಿಗೆ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಕೈಗೆ ಬರುವುದು ಒಂದೆರಡು ಪುಟದ ಪತ್ರ. ಅದಕ್ಕೆ ಶುಲ್ಕವನ್ನೂ ಕೇಳಬಹುದು. ಮೊಳೆ ಹೊಡೆದಂಥ ಮಾತುಗಳು ಅದರಲ್ಲಿರುತ್ತವೆ: ಸಾಮಾನ್ಯ ಜಾಗದಲ್ಲಿ ಹಗ್ಗ ಹಾಕಿಯೇ ಕರೆದೊಯ್ಯಬೇಕು, ನೆರೆಯವರಿಂದ ದೂರು ಬಂದರೆ ಒಪ್ಪಿಗೆ ಹಿಂಪಡೆಯಬಹುದು. ಹಿಂಪಡೆಯುವ ಮಾತನ್ನು ಸಹಿಗೆ ಮುಂಚೆ ಎರಡು ಸಲ ಓದಿ. ಎಷ್ಟು ದೂರು, ಯಾರು ತೀರ್ಮಾನಿಸುವುದು, ಎಷ್ಟು ದಿನದ ಗಡುವು ಎಂದು ಬರೆಸಿಕೊಳ್ಳುವ ಅವಕಾಶ ಇರುವುದು ಆಗ ಮಾತ್ರ. ಇನ್ನೊಂದು ಸಾಲು ಅನೇಕ ಪತ್ರಗಳಲ್ಲಿರುತ್ತದೆ, ಸಂಭ್ರಮದಲ್ಲಿ ಯಾರೂ ಅದನ್ನು ನೋಡುವುದಿಲ್ಲ. ಒಪ್ಪಿಗೆ ಕೊಟ್ಟಿರುವುದು ಹೆಸರು, ತಳಿ, ಬಣ್ಣ ನಮೂದಿಸಿದ ಆ ಒಂದು ನಾಯಿಗೆ. ಅದು ಸತ್ತ ದಿನ ಪತ್ರವೂ ಮುಗಿಯಿತು. ಮುಂದಿನ ಮರಿಗೆ ಹೊಸ ಅರ್ಜಿ.